ಉದ್ಧರಣ ಚಿಹ್ನೆಯನ್ನು ಹುಡುಕಿಕೊಂಡು ತಾಂಡೂರಿಗೆ

೨೦೨೪ನೇ ಇಸವಿ, ಆಗ ನನಗೆ ಐವತ್ತಮೂರು ವರ್ಷ. ನಾರಾಯಣಖೇಡದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಹದಿನೇಳು ವರ್ಷ ವ್ಯಾಕರಣವನ್ನು ಕಲಿಸಿ, ಆ ಕೆಲಸವನ್ನು ಬಿಟ್ಟು, ಜಹೀರಾಬಾದಿನಲ್ಲಿ ನೆಲೆಸಿದ್ದೆ. ಫೆಬ್ರವರಿ ಹದಿನಾರರ ಶುಕ್ರವಾರ, ಬೆಳಗಿನ ಏಳು ಗಂಟೆಗೆ, ಹೆಗಲಿಗೆ ಕ್ಯಾಮೆರಾ ಚೀಲವನ್ನು ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಚಳಿ ಇನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ನ್ಯಾಲ್ಕಲ್ ಕಡೆಗೆ ಹೊರಟ ಜೀಪಿನವರು ಮೂರು ಭಾಷೆಗಳಲ್ಲಿ ಜನರನ್ನು ಕರೆಯುತ್ತಿದ್ದರು. ನಾರಾಯಣಖೇಡದ ಬಸ್ಸಿನಲ್ಲಿ, ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ ಸಾಮಾನ್ಯವಾಗಿ ಆಗುವಂತೆ, ನನಗೆ ನಿಲ್ಲುವ ಸ್ಥಳವಷ್ಟೇ ದೊರೆಯಿತು. ಟಿಕೆಟ್ಟಿಗೆ ಎಪ್ಪತ್ತು ರೂಪಾಯಿ. ದೂರ ಐವತ್ತು ಕಿಲೋಮೀಟರಿನ ಆಸುಪಾಸು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿದ್ದರಿಂದ ಹಿಡಿದ ಸಮಯ ಎರಡು ಗಂಟೆ.

ಪ್ರಯಾಣದ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ತಿಂಗಳ ಹಿಂದೆ ನಾರಾಯಣಖೇಡದ ಒಂದು ಮದುವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಶಾಂತಮ್ಮ ಎದುರಾಗಿ, ಊಟದ ಎಲೆಯ ಮುಂದೆ ಕುಳಿತಿದ್ದ ನನ್ನನ್ನು ಮಾತನಾಡಿಸಿದ್ದಳು.

"ಸರ್, ನಂದು ಐದು ಮಾರ್ಕು ನಿಮ್ಮ ಕಡಿ ಉಳದಾವರಿ."

ಏಳನೆಯ ತರಗತಿಯಲ್ಲಿ 'ನಮ್ಮ ಮನೆಯ ಹಿರಿಯರು' ಎಂಬ ವಿಷಯವಾಗಿ ಪ್ರಬಂಧ ಬರೆಯಲು ನಾನು ಹೇಳಿದ್ದೆನಂತೆ. ಅವಳು ಕುರಿ ಕಾಯುತ್ತಿದ್ದ ತನ್ನ ಮುತ್ಯಾನ, ಅಂದರೆ ಅಜ್ಜನ ಬಗ್ಗೆ ಬರೆದು, ಅವನ ಮಾತನ್ನು ಅವನು ಆಡಿದಂತೆಯೇ ಇಳಿಸಿದ್ದಳು. ನಾನು ಪುಟಕ್ಕೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ ಗೀಟು ಎಳೆದು, ಅಂಚಿನಲ್ಲಿ 'ಗ್ರಾಮ್ಯ' ಎಂದು ಬರೆದು, ಸೊನ್ನೆ ಕೊಟ್ಟಿದ್ದೆ. ಇಷ್ಟು ನನಗೂ ನೆನಪಿತ್ತು. ಅವಳ ಆಕ್ಷೇಪವಿದ್ದದ್ದು ಬೇರೆ ಕಡೆ. ಮುತ್ಯಾನ ಮಾತಿಗೆ ತಾನು ಉದ್ಧರಣ ಚಿಹ್ನೆಯನ್ನು ಹಾಕಿದ್ದೆ ಎಂದು ಅವಳ ವಾದ. ಹಾಕಿರಲಿಲ್ಲ ಎಂದು ನನ್ನ ವಾದ. ಒಬ್ಬರ ಮಾತನ್ನು ಇದ್ದಂತೆಯೇ ಬರೆದು ಆ ಚಿಹ್ನೆಯ ಒಳಗಿಟ್ಟ ಮೇಲೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲವೆಂದು ಆ ತರಗತಿಗೆ ಕಲಿಸಿದವನೇ ನಾನು. ಚಿಹ್ನೆ ಇದ್ದಿದ್ದರೆ ತಪ್ಪು ನನ್ನದು, ಇಲ್ಲದಿದ್ದರೆ ಅವಳದು.

ಆ ನೋಟ್‌ಬುಕ್ ಇನ್ನೂ ಇತ್ತು. ಆದರೆ ಒಂದು ಮಳೆಗಾಲದಲ್ಲಿ ಪೆಟ್ಟಿಗೆಗೆ ನೀರು ನುಗ್ಗಿ, ರಟ್ಟಿನ ನೀಲಿ ಬಣ್ಣವೂ ನನ್ನ ಕೆಂಪು ಶಾಯಿಯೂ ಕರಗಿ ಕೂಡಿಕೊಂಡು, ಆ ಪುಟ ನೇರಳೆಹಣ್ಣನ್ನು ಅರೆದಂತೆ ಆಗಿತ್ತು. ಮದುವೆಯ ಮರುದಿನ ಅವಳು ತೋರಿಸಿದಾಗ ಕೆಂಪು ಗಾಜನ್ನು ಹಿಡಿದು ನೋಡಿದ್ದೆ: ಕೆಂಪು ಮರೆಯಾಯಿತು, ನೀಲಿ ಕಪ್ಪಾಗಿ ನಿಂತಿತು. ಉಪಯೋಗವಾಗಲಿಲ್ಲ. ಒಂದು ಅನುಕೂಲ ಮಾತ್ರ ಇತ್ತು. ಪೆನ್ನು ಒಡೆದುಹೋಗಿದ್ದರಿಂದ ಅವಳು ಆ ದಿನ ಪೆನ್ಸಿಲಿನಲ್ಲಿ ಬರೆದಿದ್ದಳು.

ಡಿಜಿಟಲ್ ಕ್ಯಾಮೆರಾದ ಒಳಗೆ, ಚಿತ್ರವನ್ನು ಹಿಡಿಯುವ ಸೆನ್ಸರಿನ ಮುಂದೆ, ತೆಳುವಾದ ಗಾಜೊಂದು ಇರುತ್ತದೆ. ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್ಫ್ರಾರೆಡ್, ಬೆಳಕನ್ನು ತಡೆಯುವುದು ಅದರ ಕೆಲಸ. ಅದನ್ನು ತೆಗೆದು, ಅವಕೆಂಪನ್ನು ಮಾತ್ರ ಒಳಗೆ ಬಿಡುವ ಕಪ್ಪು ಗಾಜನ್ನು ಕೂರಿಸಿದರೆ, ಬಣ್ಣದ ಶಾಯಿಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಪೆನ್ಸಿಲಿನ ಗೆರೆ ಕಪ್ಪಾಗಿಯೇ ಉಳಿಯುತ್ತದೆ. ನನ್ನ ಹದಿನೆಂಟು ವರ್ಷದ ಹಳೆಯ ಕ್ಯಾಮೆರಾಕ್ಕೆ ತಾಂಡೂರಿನ ಖಾಜಾಭಾಯಿ ಎಂಬ ರಿಪೇರಿಯವರು ಜನವರಿಯಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಕೊಟ್ಟಿದ್ದರು. ಅದನ್ನೇ ಈಗ ಹೊತ್ತು ಹೊರಟಿದ್ದೆ.

ನಾರಾಯಣಖೇಡದಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ಹಳ್ಳಿ ಶಾಂತಮ್ಮನದು. ಅಂಗಳದ ಒಂದು ಬದಿಯಲ್ಲಿ ಮುಳ್ಳುಬೇಲಿಯ ಹಟ್ಟಿ, ಅದರಲ್ಲಿ ಮೇಯಲು ಹೋಗದ ನಾಲ್ಕು ಮರಿಗಳು. ಅವಳ ತಾಯಿ ನಾಗಮ್ಮ ಚಹಾ ಕೊಟ್ಟರು. ಹಗ್ಗದ ಹೊರಸಿನ ಮೇಲೆ ನೋಟ್‌ಬುಕ್ಕನ್ನು ಬಿಸಿಲಿಗೆ ತೆರೆದಿಟ್ಟು, ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟೆ.

ಅದು ಕನ್ನಡಿಯ ಕ್ಯಾಮೆರಾ. ಮಸೂರದಿಂದ ಬಂದ ಬೆಳಕು ಒಳಗಿನ ಕನ್ನಡಿಗೆ ಬಡಿದು ಕಣ್ಣಿಗೆ ಬರುತ್ತದೆ. ಎದುರಿನ ವಸ್ತುವೇ ಕಾಣುತ್ತದೆ, ಅದರ ನಕಲಲ್ಲ. ಈ ಕಾರಣಕ್ಕೇ ನಾನು ಅದನ್ನು ಬಿಟ್ಟು ಬೇರೆಯದನ್ನು ಬಳಸಿರಲಿಲ್ಲ. ಆದರೆ ಕನ್ನಡಿ ತೋರಿಸುವುದು ಕಣ್ಣಿಗೆ ಕಾಣುವ ಬೆಳಕನ್ನು. ಸೆನ್ಸರ್ ಹಿಡಿಯುವುದು ಅವಕೆಂಪನ್ನು. ಇವೆರಡೂ ಒಂದೇ ದೂರದಲ್ಲಿ ಸ್ಪಷ್ಟವಾಗುವುದಿಲ್ಲ. ಕಿಂಡಿಯಲ್ಲಿ ಚೂಪಾಗಿ ಕಂಡದ್ದು ಚಿತ್ರದಲ್ಲಿ ಮಸುಕಾಗಿ ಬಂತು. ಅಂದಾಜಿನ ಮೇಲೆ ಮಸೂರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮೂವತ್ತೊಂದು ಚಿತ್ರಗಳನ್ನು ತೆಗೆದೆ. ಪುಟ ಬೆಳ್ಳಗಾಗಿತ್ತು, ದೊಡ್ಡ ಅಕ್ಷರಗಳು ತಿಳಿಯುತ್ತಿದ್ದವು. ಮಾತು ಪ್ರಾರಂಭವಾಗುವಲ್ಲಿ ಮಾತ್ರ ಒಂದು ಬೂದುಬಣ್ಣದ ಮಚ್ಚೆ.

"ಇದೇನು, ನೊಣ ಕೂತದೇನ್ರಿ?" ಎಂದಳು ಶಾಂತಮ್ಮ.

"ಉದ್ಧರಣ ಚಿಹ್ನೆಯಿರಬಹುದು, ಕೊಳೆಯೂ ಇರಬಹುದು. ನಿರ್ಣಯಿಸಲು ಸಾಧ್ಯವಿಲ್ಲ," ಎಂದೆ.

ನಾಗಮ್ಮ ಮಗಳ ಕಡೆ ತಿರುಗಿದರು. "ಮಾಸ್ತರ್ರು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗತದ ನೋಡು." ಆಮೇಲೆ ನನಗೆ ಹೇಳಿದರು: "ಮಾರ್ಕು ನಮಗ ಏನು ಮಾಡಾಕ ಬೇಕರಿ? ಆ ವಹಿ ನೋಡಿದ ದಿನದಿಂದ ನಮ್ಮ ಮಾವ ಈಕೀ ಮುಂದ ಮಾತೇ ಕಮ್ಮಿ ಮಾಡ್ದ. ಕುರಿದು ಕತಿ ಹೇಳು ಅಂದ್ರ, 'ಬ್ಯಾಡವ್ವ, ನನ್ನ ಮಾತು ನಿನ್ನ ಬಾಯಿಗಿ ಹತ್ತಿದ್ರ ಸಾಲ್ಯಾಗ ಸೊನ್ನಿ ಕೊಡತಾರ' ಅಂತಿದ್ದ. ಹಂಗೇ ಹೋಗಿಬಿಟ್ಟ. ಆತನ ಮಾತು ತಪ್ಪಿದ್ದಿಲ್ಲ ಅಂತ ನೀವು ಬಾಯಿಲೆ ಒಂದು ಸಲ ಅಂದ್ರ ಸಾಕು."

"ನೋಡದೆ ಹೇಳಲಾರೆ, ತಾಯಿ."

"ನೋಡಲಾರದ ಗೀಟು ಹೊಡದಿದ್ರಿ," ಎಂದಳು ಶಾಂತಮ್ಮ. "ನೋಡಲಾರದ ಹೇಳಾಕ ಬರಲ್ಲೇನ್ರಿ?"

ನಾನು ಖಾಜಾಭಾಯಿಯವರಿಗೆ ಫೋನ್ ಮಾಡಿದೆ. ಆಯಿತವಾರ, ಅಂದರೆ ಭಾನುವಾರ, ಬನ್ನಿ ಎಂದರು. ನೋಟ್‌ಬುಕ್ಕನ್ನು ಒಯ್ಯಲೇ ಎಂದು ಕೇಳಿದರೆ ಶಾಂತಮ್ಮ ಅದನ್ನು ಎದೆಗೆ ಒತ್ತಿಕೊಂಡು, "ವಹಿ ಬಂದ್ರ ನಾನೂ ಬರತೀನಿ," ಎಂದಳು. ನಾಗಮ್ಮನವರೂ ಹೊರಟರು. "ಬಸ್ಸಿನಾಗ ನಮಗ ಟಿಕೆಟ್ ಇಲ್ಲ. ತಾಂಡೂರು ನಾನು ನೋಡಿಲ್ಲ."

ಆ ರಾತ್ರಿಯನ್ನು ನಾರಾಯಣಖೇಡದ ಲಾಡ್ಜಿನಲ್ಲಿ ಕಳೆದು, ಶನಿವಾರ ಮೂವರೂ ಜಹೀರಾಬಾದಿನ ಬಸ್ಸನ್ನು ಹಿಡಿದೆವು. ಅರ್ಧ ದಾರಿಯಲ್ಲಿ ನಾಗಮ್ಮನವರಿಗೆ ವಾಂತಿಯಾಯಿತು. ಕಂಡಕ್ಟರ್ ಒಂದು ನಿಂಬೆಹಣ್ಣನ್ನು ಕೊಟ್ಟು, ಕಿಟಕಿಯ ಸೀಟಿನ ಗಂಡಸನ್ನು ಎಬ್ಬಿಸಿದ. ತಾಯಿ ಮಗಳು ಜಹೀರಾಬಾದಿನ ನೆಂಟರ ಮನೆಯಲ್ಲಿ ತಂಗಿದರು. ಮರುದಿನ ಬಸ್ಸು ಬೇಡ, ರೈಲಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು: ವಿಕಾರಾಬಾದಿನವರೆಗೆ ಒಂದು ಗಾಡಿ, ಅಲ್ಲಿಂದ ತಾಂಡೂರಿಗೆ ಇನ್ನೊಂದು. ದಾರಿ ಸುತ್ತು, ಆದರೆ ಹೊಟ್ಟೆಗೆ ಕ್ಷೇಮ.

ಭಾನುವಾರ ಬೆಳಿಗ್ಗೆ ನಿಲ್ದಾಣದಲ್ಲಿ ನಾನು ಮೂರು ಟಿಕೆಟ್ಟು ತೆಗೆಸಿದ್ದನ್ನು ಕಂಡು ನಾಗಮ್ಮ ಬೇಸರಪಟ್ಟರು. "ರೈಲಿನವರಿಗೆ ಹೆಂಗಸ್ರು ಕಾಣಲ್ಲೇನು?" ಕೋಹೀರ್ ದಾಟಿದ ಮೇಲೆ ಬುತ್ತಿಯನ್ನು ಬಿಚ್ಚಿದರು: ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ನನಗೂ ಎರಡು ರೊಟ್ಟಿ ಬಂದವು. ವಿಕಾರಾಬಾದಿನಲ್ಲಿ ಒಂದು ಗಂಟೆ ಕಾದು ಗಾಡಿಯನ್ನು ಬದಲಿಸಿದೆವು. ಧಾರೂರಿನ ಸುತ್ತ ತೊಗರಿ ಕೊಯ್ದ ಹೊಲಗಳಲ್ಲಿ ಕುರಿಗಳು ಮೇಯುತ್ತಿದ್ದವು. ತಾಯಿ ಮಗಳು ಅವು ಯಾವ ಕಡೆಯ ಕುರಿಗಳೆಂದು ಚರ್ಚಿಸುತ್ತ ಬಂದರು. ಕ್ಯಾಮೆರಾದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ತಾಂಡೂರನ್ನು ಮುಟ್ಟಿದಾಗ ಹನ್ನೆರಡೂವರೆ. ಊರಿನ ಹೊರಗೆ ನೀಲಿ ಮತ್ತು ಹಳದಿ ಫರಸಿ ಕಲ್ಲುಗಳನ್ನು ಮನೆಯೆತ್ತರಕ್ಕೆ ಪೇರಿಸಿದ್ದರು. ಖಾಜಾಭಾಯಿಯವರ ಅಂಗಡಿಯ ಪಕ್ಕದಲ್ಲೇ ಕಲ್ಲು ಪಾಲಿಶ್ ಮಾಡುವ ಯಂತ್ರಗಳು; ಭಾನುವಾರವೇ ಬನ್ನಿರೆಂದದ್ದು ಯಾಕೆಂದು ಆಗ ಗೊತ್ತಾಯಿತು.

"ಆಯಿತವಾರ ಮಿಷನ್ ಬಂದ್ ಇರ್ತಾವ ಸಾಬ್. ಬಾಕಿ ದಿನ ಈ ಧೂಳಿನಾಗ ಕ್ಯಾಮೆರಾ ತೆರದ್ರ ಒಳಗ ಅರ್ಧ ತಾಂಡೂರು ಹೋಗಿ ಕೂಡತದ." ನನ್ನ ಮೂವತ್ತೊಂದು ಚಿತ್ರಗಳನ್ನು ಅವರು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ನೋಡಿದರು. "ನಾನು ಜನವರಿದಾಗೇ ಹೇಳಿದ್ದೆ. ಆಯಿನಾ ಬ್ಯಾಡ, ಪರದಾದ್ದು ತಗೋರಿ ಅಂತ."

"ಕನ್ನಡಿ ನಿಜವಾದ ವಸ್ತುವನ್ನು ತೋರಿಸುತ್ತದೆ. ಪರದೆ ತೋರಿಸುವುದು ಬರಿಯ ನಕಲು."

"ಆಯಿನಾ ಸುಳ್ಳು ಹೇಳಲ್ಲರಿ, ಖರೇ. ಖಾಲಿ ನಿಮ್ಮ ಕಣ್ಣಿಗೆ ಎಷ್ಟು ಗೊತ್ತದ, ಅಷ್ಟೇ ತೋರಸ್ತದ. ನಿಮಗ ಬೇಕಾದ್ದು ಕಣ್ಣಿಗೆ ಕಾಣಲಾರದ್ದು. ಅದು ಸೆನ್ಸರಿಗೆ ಕಾಣತದ. ಸೆನ್ಸರಿಗೆ ಕಂಡದ್ದು ಪರದಾ ತೋರಸ್ತದ. ಇಷ್ಟೇ ಹಿಸಾಬು."

ಈ ವಾಕ್ಯಗಳಲ್ಲಿ ತಿದ್ದುವಂಥದ್ದು ನನಗೆ ಏನೂ ಸಿಗಲಿಲ್ಲ. ಕಪಾಟಿನಿಂದ ಅವರು ಕನ್ನಡಿಯಿಲ್ಲದ ಒಂದು ಸಣ್ಣ, ಹಳೆಯ ಕ್ಯಾಮೆರಾವನ್ನು ತೆಗೆದರು. ನನ್ನ ಕ್ಯಾಮೆರಾವನ್ನು ಅವರಿಗೆ ಕೊಟ್ಟು ಅದನ್ನು ಪಡೆಯುವುದೆಂದು ಒಪ್ಪಂದವಾಯಿತು. ಹದಿನೆಂಟು ವರ್ಷ ಹೆಗಲಲ್ಲಿದ್ದ ವಸ್ತುವನ್ನು ಮೇಜಿನ ಮೇಲಿಡುವಾಗ ಪಟ್ಟಿಯನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

ಅವರು ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸಿ, ಫ್ಯಾನ್ ಆರಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕುಳಿತರು. ಹದಿನಾಲ್ಕು ತಿರುಪುಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟರು; ಈ ಶಿಸ್ತು ನನಗೆ ಮೆಚ್ಚುಗೆಯಾಯಿತು. ಸೆನ್ಸರಿನ ಮೇಲಿನ ಗಾಜನ್ನು ತೆಗೆದು ಬೆಳಕಿಗೆ ಹಿಡಿದಾಗ ಅದು ತಿಳಿನೀಲಿಯಾಗಿತ್ತು. ಕಪ್ಪು ಗಾಜು ಕುಳಿತು, ತಿರುಪುಗಳೆಲ್ಲ ಮರಳಿ ತಮ್ಮ ಸ್ಥಳವನ್ನು ಸೇರಿದಾಗ ಮೂರು ಗಂಟೆ. ಅಷ್ಟು ಹೊತ್ತೂ ನಾಗಮ್ಮ ಹೊರಗೆ ಫರಸಿಯ ಮೇಲೆ ಕುಳಿತು, ಕರಣಕೋಟದ ಸಿಮೆಂಟ್ ಫ್ಯಾಕ್ಟರಿಗೆ ಹೋಗುವ ಲಾರಿಗಳನ್ನು ಎಣಿಸುತ್ತಿದ್ದರು.

ಅಂಗಡಿಯ ಎಲ್‌ಇಡಿ ದೀಪದಲ್ಲಿ ಅವಕೆಂಪು ಇಲ್ಲವೆಂದೇ ಹೇಳಬಹುದು, ಬಿಸಿಲೇ ಬೇಕು. ನುಣುಪಾದ ಒಂದು ನೀಲಿ ಕಲ್ಲಿನ ಮೇಲೆ ಶಾಂತಮ್ಮ ನೋಟ್‌ಬುಕ್ಕನ್ನು ಬಿಚ್ಚಿ, ಎರಡೂ ಬದಿಯನ್ನು ಕೈಯಿಂದ ಒತ್ತಿ ಹಿಡಿದಳು. ನಾನು ಪರದೆಯನ್ನು ನೋಡಿದೆ.

ಚಿತ್ರವನ್ನು ಇನ್ನೂ ತೆಗೆದಿರಲಿಲ್ಲ. ಆದರೂ ಪುಟ ಅಲ್ಲಿ ಬೆಳ್ಳಗೆ ಬಿಚ್ಚಿಕೊಂಡಿತ್ತು. ಕಲೆ ಇಲ್ಲ, ಗೀಟು ಇಲ್ಲ, ಸೊನ್ನೆ ಇಲ್ಲ, 'ಗ್ರಾಮ್ಯ' ಇಲ್ಲ. ನಾನು ಬರೆದ ಒಂದು ಅಕ್ಷರವೂ ಅಲ್ಲಿರಲಿಲ್ಲ. ಇದ್ದದ್ದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ದುಂಡಗಿನ ಪೆನ್ಸಿಲ್ ಬರಹ. ಗುಂಡಿಯನ್ನು ಒತ್ತಿ ಪರದೆಯ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಮಸೂರವನ್ನು ನಿಧಾನವಾಗಿ ತಿರುಗಿಸಿದೆ. ಬೂದು ಮಚ್ಚೆ ಎರಡಾಗಿ ಒಡೆಯಿತು. ಎರಡು ಸಣ್ಣ ಕೊಕ್ಕೆಗಳಾಗಿ ನಿಂತಿತು.

"ಇದೆ," ಎಂದೆ. "ಉದ್ಧರಣ ಚಿಹ್ನೆ ಇದೆ."

ನಾಗಮ್ಮ, "ಓದ್ರಿ," ಎಂದರು. ನಾನು ಓದಿದೆ: ನಮ್ಮ ಮುತ್ಯಾ ಕುರಿ ಕಾಯುತ್ತಾರೆ. ಅವರು ಹೇಳಿದರು, "ಕುರಿ ಹಳ್ಳ ದಾಟಿ ಹೋಗ್ಯಾದ ಅಂದ್ರ ಕೂಗಬ್ಯಾಡ. ಕೂಗಿದಷ್ಟು ದೂರ ಹೋಗತದ. ಅದರ ಮರಿ ಎತಗೊಂಡು ಈ ಕಡಿ ನಿಂತು

ಅಲ್ಲಿಗೆ ಪುಟ ಮುಗಿದಿತ್ತು, ಮುಂದಿನ ಪುಟ ಖಾಲಿ. ಕೊನೆಯ ಸಾಲನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಹುಡುಕಿದೆ.

"ಶಾಂತಮ್ಮ, ಚಿಹ್ನೆಯನ್ನು ತೆರೆದಿದ್ದೀಯ, ಮುಚ್ಚಿಲ್ಲ. ನಿಯಮದಂತೆ ಇದು ಅಪೂರ್ಣ."

ಅವಳು ಪುಟದಿಂದ ಕೈ ತೆಗೆಯದೆ ತಲೆಯೆತ್ತಿದಳು. "ಮುತ್ಯಾನ ಮಾತು ಮುಗದಿದ್ದಿಲ್ಲರಿ, ಸರ್. ಗಂಟಿ ಹೊಡೀತು, ನೀವು ವಹಿ ಕಸಗೊಂಡ್ರಿ. ಮುಗೀಲಾರದ ಮಾತಿಗಿ ಮುಚ್ಚಾಕ ಬರತದೇನ್ರಿ?"

ಬರುವುದಿಲ್ಲ. ಮಾತು ಮುಂದಿನ ಪುಟಕ್ಕೆ ಸಾಗಿದರೆ, ಅದು ಮುಗಿಯುವಲ್ಲಿಯೇ ಚಿಹ್ನೆಯನ್ನು ಮುಚ್ಚಬೇಕು. ಇದನ್ನೂ ನಾನೇ ಕಲಿಸಿದ್ದೆ. ಅವಳ ಬರಹದಲ್ಲಿ ತಪ್ಪಿರಲಿಲ್ಲ. ಅವಳ ಮುತ್ಯಾನ ಮಾತಿನಲ್ಲಿಯೂ ತಪ್ಪಿರಲಿಲ್ಲ. ತಪ್ಪು ನನ್ನದು ಎಂದು ನಾಗಮ್ಮನವರಿಗೆ ಕೇಳಿಸುವಂತೆ ಬಾಯಿಬಿಟ್ಟು ಹೇಳಿದೆ. ಖಾಜಾಭಾಯಿ ಅಂಗಡಿಯ ಒಳಗೆ ಹೋಗಿ ಫ್ಯಾನ್ ಹಾಕಿದರು.

"ಮುಂದೆ ಏನು ಹೇಳಿದ್ದರು?" ಎಂದು ಕೇಳಿದೆ. ಶಾಂತಮ್ಮ ತಾಯಿಯ ಮುಖ ನೋಡಿದಳು. ನಾಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, ಅಂಗಳದಲ್ಲಿ ನಿಂತು ಹೇಳುವಂತೆ ಹೇಳಿದರು. ಮುಂದಿನ ಪುಟದಲ್ಲಿ ಕಲೆ ತಾಗದ ಸ್ಥಳವನ್ನು ನೋಡಿ ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ: ಸುಮ್ಮ ಇರಬೇಕು. ಮರಿಗಿ ಒದರಾಕ ಬಿಡಬೇಕು, ನಾವು ಒದರಬಾರ್ದು. ಅದರ ಸಪ್ಪಳ ಕೇಳಿ ಅದೇ ಹೊಳ್ಳಿ ಬರತದ. ಕೈ ಎರಡು ಕಡೆ ತಡೆಯಿತು, ತಿದ್ದಲಿಲ್ಲ. ಆಮೇಲೆ ಪೆನ್ಸಿಲನ್ನು ಶಾಂತಮ್ಮನಿಗೆ ಕೊಟ್ಟೆ. ಅವಳು ಬಗ್ಗಿ ಎರಡು ಕೊಕ್ಕೆಗಳನ್ನು ಹಾಕಿ ಮಾತನ್ನು ಮುಚ್ಚಿದಳು.

"ಮಾರ್ಕು?" ಎಂದಳು.

ಐದಕ್ಕೆ ಐದು ಎಂದು ಬರೆದೆ, ಪೆನ್ಸಿಲಿನಲ್ಲಿಯೇ. ಅದರ ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ತಾರೀಖು: ೧೮-೨-೨೦೨೪, ಭಾನುವಾರ.