ಕಲ್ಯಾಣಿಯಕ್ಕನ ಐದು ಸೆಂಟ್ಸಿನಲ್ಲಿ ನಾವು ನೆಟ್ಟ ಕಾಡು

ಹೈವೇ ಇನ್ನೂ ಅಗಲವಾಗಿರಲಿಲ್ಲ. ಬಸ್ಸಿನಿಂದ ಇಳಿದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಹೊಳೆಯ ಕೆಸರಿನ ವಾಸನೆ. ಹೊರಗಿನಿಂದ ಬಂದ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಶಿರಿಯ ಹೊಳೆ ಕಡಲು ಸೇರುವ ಜಾಗದಲ್ಲಿ ಬೆಳೆದ ನಮಗೆ ಮಾತ್ರ ಆ ಕೊಳೆತ ಮೊಟ್ಟೆಯಂಥ ವಾಸನೆ ಬಂತೆಂದರೆ ಇಳಿತ ಶುರುವಾಗಿದೆ, ಇನ್ನು ಕೆಸರಿಗೆ ಓಡಬಹುದು ಎಂದು ಅರ್ಥ.

ನಾನಾಗ ಏಳನೇ ಕ್ಲಾಸು. ಪಕ್ಕದ ಬೆಂಚಿನ ಬೇಬಿ ನನ್ನ ಜೀವದ ಗೆಳತಿ. ಅವಳ ಅಮ್ಮ ಕಲ್ಯಾಣಿಯಕ್ಕ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗಿಳಿದು, ಕಾಲಲ್ಲೇ ತಡಕಿ, ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ಹೆಚ್ಚಿನದು ಉಪ್ಪಳದ ಮಾರ್ಕೆಟಿಗೆ ಹೋಗುತ್ತಿತ್ತು. ಉಳಿದದ್ದನ್ನು ತೆಂಗಿನಕಾಯಿ ಹುರಿದು ಅರೆದು ಬೇಯಿಸಿ, ಅಕ್ಕಿಯ ಸಣ್ಣ ಉಂಡೆ ಪುಂಡಿಗಳನ್ನು ಅದರಲ್ಲಿ ಹೊರಳಿಸಿ, ನಮ್ಮಿಬ್ಬರಿಗೂ ಒಂದೇ ಬಟ್ಟಲಲ್ಲಿ ಕೊಡುತ್ತಿದ್ದರು. ಬೆರಳಿಗೆ ಹತ್ತಿದ ಆ ಮಸಾಲೆಯ ವಾಸನೆ ಮರುದಿನ ಶಾಲೆಯಲ್ಲೂ ಇರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಕಲ್ಯಾಣಿಯಕ್ಕ ತಮ್ಮನ ಮನೆಯ ಹಿಂಬದಿಗೆ ತಾಗಿಸಿ ಕಟ್ಟಿದ ಒಂದು ಕೋಣೆಯಲ್ಲಿದ್ದರು. ಅವರದ್ದೆಂದು ಇದ್ದದ್ದು ಹೊಳೆ ಬದಿಯ ಐದು ಸೆಂಟ್ಸ್ ಜಾಗ ಮಾತ್ರ, ತಾಯಿಯ ಪಾಲಿನದ್ದು. ಒಂದು ಮಳೆಗಾಲದಲ್ಲಿ ಹೊಳೆನೀರು ತಡೆಯುವ ಅದರ ಮಣ್ಣಿನ ಕಟ್ಟಪುಣಿ ಒಡೆದು ಉಪ್ಪುನೀರು ನುಗ್ಗಿತು. ತೆಂಗಿನ ಮರಗಳು ಸತ್ತವು, ಜಾಗ ಬರೀ ಕೆಸರಾಯಿತು. "ಬೇಬಿ ಹತ್ತನೇ ಕ್ಲಾಸಿಗೆ ಬರುವಾಗ ಪುಣಿ ಕಟ್ಟಿಸಿ ಮಣ್ಣು ಹಾಕಿಸ್ತೇನೆ. ಎರಡು ಕೋಣೆ ಸಾಕು. ಹೊಳೆ ಕಡೆಗೆ ಒಂದು ಜಗಲಿ ಬೇಕು," ಎನ್ನುತ್ತಿದ್ದರು. ಆ ಜಗಲಿ ಎಲ್ಲಿ ಬರುತ್ತದೆಂದು ನಾನೂ ಬೇಬಿಯೂ ಕೋಲಿನಿಂದ ಕೆಸರಿನಲ್ಲಿ ಗೆರೆ ಎಳೆದು ನೋಡುತ್ತಿದ್ದೆವು. ನೀರು ಏರಿದಾಗ ಗೆರೆ ಅಳಿಯುತ್ತಿತ್ತು, ಮರುದಿನ ಮತ್ತೆ ಎಳೆಯುತ್ತಿದ್ದೆವು.

ಹೊಳೆಯ ಆಚೆ ದಡದಲ್ಲಿ ಉಪ್ಪುನೀರಲ್ಲೇ ಬೇರಿಳಿಸಿ ಬೆಳೆಯುವ ಕಾಂಡ್ಲಾ ಮರಗಳ ಕಾಡು. ಮಳೆಗಾಲದಲ್ಲಿ ಮರದಲ್ಲೇ ಮೊಳಕೆಯೊಡೆದ ಅದರ ಕೋಡುಗಳು ನುಗ್ಗೆಕಾಯಿಯ ಹಾಗೆ ಜೋತುಬಿದ್ದು, ಉದುರಿ, ತೇಲಿಕೊಂಡು ಈಚೆಗೆ ಬರುತ್ತಿದ್ದವು. ಅವನ್ನು ಹಿಡಿದು ಕೆಸರಿಗೆ ಎಸೆಯುವುದು ನಮ್ಮ ಆಟ. ಯಾರದ್ದು ನೆಟ್ಟಗೆ ಚುಚ್ಚಿ ನಿಲ್ಲುತ್ತದೋ ಅವರು ಗೆದ್ದಂತೆ.

ಆ ವರ್ಷ ಶಾಲೆಗೆ ಭಾಸ್ಕರ ಮಾಷ್ಟ್ರು ಬಂದರು. ಎಳೆ ಪ್ರಾಯ, ಹೆಗಲಿಗೆ ಬಟ್ಟೆಯ ಚೀಲ. ಕಾಂಡ್ಲಾ ಇಲ್ಲದಿದ್ದರೆ ಮೀನು ಮೊಟ್ಟೆಯಿಟ್ಟು ಮರಿ ಮಾಡಲು ಜಾಗವಿಲ್ಲ, ಕಡಲಿನ ಅಬ್ಬರ ತಡೆಯಲು ಯಾರೂ ಇಲ್ಲ ಎಂದು ಅವರು ಹೇಳುವಾಗ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ಹೆಚ್ಚು ಕೋಡು ನೆಟ್ಟವರಿಗೆ ಸರ್ಟಿಫಿಕೇಟ್ ಎಂದರು. ಶನಿವಾರ ನಮ್ಮನ್ನೆಲ್ಲ ಸಾಲಾಗಿ ಹೊಳೆಗೆ ಕರೆದುಕೊಂಡು ಹೋದರು. ಮೆತ್ತಗಿನ ಕೆಸರು ಎಲ್ಲಿ ಉಂಟೆಂದು ನನಗೆ ಗೊತ್ತಿತ್ತು. ಕಲ್ಯಾಣಿಯಕ್ಕನ ಜಾಗದಲ್ಲೇ ಬಗ್ಗಿ ಬಗ್ಗಿ ನೆಟ್ಟೆ. ಬೇಬಿಗೆ ಅಂದು ಜ್ವರ, ಅವಳು ಬಂದಿರಲಿಲ್ಲ.

ಸೋಮವಾರ ಸಂಜೆ ಹೋದಾಗ ಕಲ್ಯಾಣಿಯಕ್ಕ ಒಂದೊಂದೇ ಕೋಡು ಕಿತ್ತು ಹೊಳೆಗೆ ಬಿಸಾಡುತ್ತಿದ್ದರು.

"ಎಂತ ಕಲ್ಯಾಣಿಯಕ್ಕ, ಅದು ನಾನು ನೆಟ್ಟದ್ದು!"

"ಗೊತ್ತುಂಟು ಮಗಾ. ಆಚೆ ದಡದಲ್ಲಿ ಎಷ್ಟು ಬೇಕಾದ್ರೂ ನೆಡಿ. ಇಲ್ಲಿ ಬೇರು ಬಿಟ್ರೆ ಮತ್ತೆ ಕಡಿಯಲಿಕ್ಕೆ ಬಿಡುವುದಿಲ್ಲ. ಇದು ನಮ್ಮ ಮನೆ ಅಲ್ವಾ?"

ನನಗೆ ಅಳು ಬಂತು. ಮನೆ ನನ್ನ ಕಣ್ಣಿಗೆ ಕಾಣಲಿಲ್ಲ. ನನ್ನ ಸರ್ಟಿಫಿಕೇಟು ಹೊಳೆಯಲ್ಲಿ ತೇಲಿಹೋಗುವುದು ಕಂಡಿತು. ಮರುದಿನ ಪ್ರಾರ್ಥನೆಗೂ ಮೊದಲೇ ಮಾಷ್ಟ್ರ ಹತ್ತಿರ ಹೋಗಿ ಹೇಳಿಬಿಟ್ಟೆ.

ಅಂದು ಸಂಜೆ ಮಾಷ್ಟ್ರು ಅರಣ್ಯ ಇಲಾಖೆಯ ಒಬ್ಬರನ್ನೂ ಪೇಪರಿನ ಒಬ್ಬರನ್ನೂ ಕರೆದುಕೊಂಡು ಬಂದರು. ದಾರಿ ತೋರಿಸಿದ್ದು ನಾನು. ಕಲ್ಯಾಣಿಯಕ್ಕ ಆಗಷ್ಟೇ ನೀರಿನಿಂದ ಹತ್ತಿ ಬಂದಿದ್ದರು, ಸೀರೆಯಿಂದ ನೀರು ಸುರಿಯುತ್ತಿತ್ತು.

"ಸಸಿ ಕೀಳುವುದು ತಪ್ಪು ಅಂತ ಗೊತ್ತಿಲ್ವಾ ನಿಮಗೆ? ಕೇಸ್ ಆಗ್ತದೆ," ಎಂದರು ಮಾಷ್ಟ್ರು.

"ನಮ್ಮ ಜಾಗ ಮಾಷ್ಟ್ರೆ. ಮನೆ ಕಟ್ಟಲಿಕ್ಕೆ ಉಂಟು."

"ಜಾಗ ನಿಮ್ಮದಿರಬಹುದು. ಹೊಳೆ ಎಲ್ಲರದ್ದು. ಮಕ್ಕಳಿಗಿರುವ ಬುದ್ಧಿ ದೊಡ್ಡವರಿಗೆ ಬೇಡವಾ?"

ಕಲ್ಯಾಣಿಯಕ್ಕ ನನ್ನನ್ನು ನೋಡಿದರು. ಬೈಯಲಿಲ್ಲ. "ಆಯ್ತು ಮಾಷ್ಟ್ರೆ, ಇನ್ನು ಮುಟ್ಟುವುದಿಲ್ಲ," ಎಂದು ಬುಟ್ಟಿ ಎತ್ತಿಕೊಂಡು ನಡೆದರು. ಅವರ ಕೋಣೆಯ ಬಾಗಿಲಲ್ಲಿ ಬೇಬಿ ನಿಂತಿದ್ದಳು. ನಾನು ಕೈ ಬೀಸಿದೆ. ಅವಳು ಒಳಗೆ ಹೋದಳು. ಮರುದಿನದಿಂದ ಅವಳು ಹಿಂದಿನ ಬೆಂಚಿನಲ್ಲಿ ಕೂತಳು.

ಸರ್ಟಿಫಿಕೇಟು ನನಗೇ ಸಿಕ್ಕಿತು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಸೋದರಮಾವ ಅದನ್ನು ಓದಿ ನಕ್ಕ. "ಎಂತ ಕಾಂಡ್ಲಾವೋ ಮಾರಾಯ್ತಿ! ಸೊಳ್ಳೆ ಸಾಕುವ ಮರ. ಅದನ್ನು ನೆಟ್ಟದ್ದಕ್ಕೂ ಸರ್ಟಿಫಿಕೇಟಾ?"

ಮರುವರ್ಷ ಅವನೇ ಹೈವೇ ಬದಿಯಲ್ಲಿ ಹೊಳೆಗೆ ತಾಗಿದ ಜಾಗ ತೆಗೆದುಕೊಂಡ. ಅಲ್ಲಿದ್ದ ಕಾಂಡ್ಲಾ ಮರಗಳಿಗೆ ನನ್ನ ಅಜ್ಜನಷ್ಟು ಪ್ರಾಯ. ಓಣಂ ರಜೆಯಲ್ಲಿ, ಆಫೀಸುಗಳೆಲ್ಲ ಮುಚ್ಚಿದ್ದಾಗ, ಹಾಡಹಗಲಲ್ಲಿ ಜೆಸಿಬಿ ಬಂತು, ಲಾರಿಗಟ್ಟಲೆ ಕೆಂಪು ಮಣ್ಣು ಬಂತು. ಆಫೀಸು ತೆರೆಯುವಾಗ ಅಲ್ಲಿ ಮೈದಾನವಿತ್ತು. ಭಾಸ್ಕರ ಮಾಷ್ಟ್ರು ಅರ್ಜಿ ಕೊಟ್ಟರು, ಒಬ್ಬರೇ ಓಡಾಡಿದರು. ಪೇಪರಿನವರು ಈ ಸಲ ಬರಲಿಲ್ಲ. ಮುಂದಿನ ಜೂನಿನಲ್ಲಿ ಮಾಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಜಾಗದಲ್ಲಿ ಮದುವೆ ಹಾಲ್ ಎದ್ದಿತು. ನಮ್ಮ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ನನ್ನ ಮದುವೆ ನಡೆದದ್ದೂ ಅದೇ ಹಾಲಿನಲ್ಲಿ.

ಬೇಬಿ ಹತ್ತನೇ ಕ್ಲಾಸಿಗೆ ಬಂದಾಗ ಕಲ್ಯಾಣಿಯಕ್ಕ ಮನೆಯ ಪರ್ಮಿಟ್ಟಿಗೆ ಅರ್ಜಿ ಹಾಕಿದರು. ಸ್ಥಳ ನೋಡಲು ಬಂದವರಿಗೆ ಕಂಡದ್ದು ಆಳೆತ್ತರದ ಕಾಂಡ್ಲಾ. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಬರೆದು ಕೊಟ್ಟರು. ಬರೆದದ್ದು ಸರಿಯೇ. ಸೋದರಮಾವನ ಹಾಲಿಗೂ ಅದೇ ಕಾನೂನು ಇತ್ತು, ಆದರೆ ಅಲ್ಲಿ ನೋಡಲು ಮರ ಉಳಿದಿರಲಿಲ್ಲ. ಮುಂದೆ ತಮ್ಮನ ಮನೆಯಲ್ಲೂ ಜಾಗವಿಲ್ಲವಾಗಿ, ಕಲ್ಯಾಣಿಯಕ್ಕ ಮಗಳನ್ನು ಕರೆದುಕೊಂಡು ಕಡಲಿನಿಂದ ದೂರ, ಒಳನಾಡಿನ ನೆಕ್ರಾಜೆಯ ಕಡೆಗೆ ಹೋದರು. ಅಲ್ಲಿ ಯಾರದೋ ತೋಟದ ಕೆಲಸ. ಹೊಳೆಯಲ್ಲೇ ಕಳೆದ ಜೀವ ಅದು. ನಾಲ್ಕು ವರ್ಷದ ಹಿಂದೆ ತೀರಿಕೊಂಡರಂತೆ. ನನಗೆ ಗೊತ್ತಾಗುವಾಗ ತಿಂಗಳಾಗಿತ್ತು.

ಈಗ ಆ ಐದು ಸೆಂಟ್ಸ್ ದಟ್ಟ ಕಾಡು. ಬೆಳ್ಳಕ್ಕಿಗಳು ಬಂದು ಕೂರುತ್ತವೆ, ಬೇರುಗಳ ನಡುವೆ ಮೀನುಮರಿ ಮಿನುಗುತ್ತವೆ. ಕಾಲೇಜಿನ ಮಕ್ಕಳು ದೋಣಿಯಲ್ಲಿ ಬಂದು ಫೋಟೋ ತೆಗೆಯುತ್ತಾರೆ. ಕಡಿಯಬೇಕು ಎಂದು ಯಾರಾದರೂ ಹೊರಟರೆ ನಾನೇ ಅಡ್ಡ ನಿಲ್ಲುತ್ತೇನೆ. ಆದರೆ ಒಮ್ಮೆಯೂ ಅದನ್ನು ಸಂತೋಷದಿಂದ ನೋಡಲು ನನ್ನಿಂದ ಆಗಿಲ್ಲ.

ಕಳೆದ ಮಳೆಗಾಲದಲ್ಲಿ ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಬೇಬಿ ಸಿಕ್ಕಿದಳು. ಕೂದಲು ಅಲ್ಲಲ್ಲಿ ನರೆತಿತ್ತು, ಕೈಯಲ್ಲಿ ತರಕಾರಿ ಚೀಲ. ನಾನೇ ಹೋಗಿ ಮಾತಾಡಿಸಿದೆ. ಅಮ್ಮನ ವಿಷಯ ಕೇಳಿ ಬೇಸರವಾಯಿತು ಎಂದೆ. ಅವಳು ತಲೆಯಾಡಿಸಿದಳು.

"ನಿನ್ನ ಕಾಡು ಚಂದ ಬೆಳೆದುಂಟಂತಲ್ಲ," ಎಂದಳು.

"ಬೇಬಿ, ನಾನು ಆಗ ಸಣ್ಣವಳು..."

"ಹೌದು. ನಾನೂ ಸಣ್ಣವಳೇ."

ಅಷ್ಟರಲ್ಲಿ ಅವಳ ಬಸ್ಸು ಬಂತು. ನಮ್ಮ ಊರಲ್ಲಿ ದಾರಿಯಲ್ಲಿ ಸಿಕ್ಕ ಅರೆಪರಿಚಯದವರಿಗೂ "ಒಮ್ಮೆ ಮನೆಗೆ ಬನ್ನಿ" ಎನ್ನದೆ ಯಾರೂ ಹೊರಡುವುದಿಲ್ಲ. ಬೇಬಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಆ ಮಾತನ್ನು ಅವಳು ಹೇಳಲಿಲ್ಲ.