ವಾಪಸ್ ಹೋಗುವ ವೈರು

ನಮ್ಮ ಯಜಮಾನರಿಗೆ ಬೆವರು ಬರುವುದಿಲ್ಲ. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ. ಬ್ಯಾಡಗಿಯ ಬೇಸಿಗೆಯಲ್ಲಿ ಬೆವರದ ಮನುಷ್ಯ ಪುಣ್ಯವಂತನಲ್ಲದೆ ಮತ್ತೇನು ಅನ್ನುತ್ತಾರೆ. ಆಮೇಲೆ ನಾನು ಬಿಡಿಸಿ ಹೇಳಬೇಕಾಗುತ್ತದೆ.

ನಮ್ಮದು ಮೆಣಸಿನಕಾಯಿ ಬೆಳೆಯುವ ಮನೆ. ಒಂದು ಸುಗ್ಗಿಯಲ್ಲಿ ಅವರು ಚೀಲ ಹೇರಿದ ಲಾರಿಯ ನೆತ್ತಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದರು. ಹಗ್ಗ ಹರಿದು ಹಿಂದಕ್ಕೆ ಬಿದ್ದರು. ಕುತ್ತಿಗೆಯ ಬುಡದಲ್ಲಿ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ತೋಳುಗಳು ಅಷ್ಟಿಷ್ಟು ಮಾತು ಕೇಳುತ್ತವೆ. ಇವನ್ನೆಲ್ಲ ನಾನು ದಿನವೂ ದೇವರ ಮುಂದೆ ಎಣಿಸಿ ಹೇಳಿ ಕೈಮುಗಿಯುತ್ತೇನೆ. ಎದೆಯಿಂದ ಕೆಳಗೆ ಏನೂ ಇಲ್ಲ. ಚಿವುಟಿದರೂ ಗೊತ್ತಿಲ್ಲ, ಸುಟ್ಟರೂ ಗೊತ್ತಿಲ್ಲ.

ಬೆವರಿನ ಸಂಗತಿಯನ್ನು ಡಾಕ್ಟರು ಕೊನೆಗೆ ಹೇಳಿದರು. ಸೆಕೆಯಾದಾಗ ಬೆವರಿಸು ಎಂದು ಮೆದುಳು ಮೈಗೆ ಹೇಳಿ ಕಳಿಸುವ ದಾರಿಯೂ ಅದೇ ಕುತ್ತಿಗೆಯಲ್ಲಿ ಕಡಿದುಹೋಗಿದೆಯಂತೆ. ಕೋಣೆ ಕಾದರೆ ಇವರೂ ಕಾಯುತ್ತಾರೆ, ಕೋಣೆ ತಣ್ಣಗಾದರೆ ಇವರೂ ತಣ್ಣಗಾಗುತ್ತಾರೆ. ಎರಡೂ ಜೀವಕ್ಕೆ ಕುತ್ತು. ನಮ್ಮೂರಲ್ಲಿ ಸುಗ್ಗಿಯ ಕಾಲಕ್ಕೆ ಕಿಟಕಿ ತೆರೆಯುವ ಹಾಗಿಲ್ಲ, ಮೆಣಸಿನಕಾಯಿ ಘಾಟು ಒಳಗೆ ಬಂತೆಂದರೆ ಕೆಮ್ಮು ಶುರು. ಅವರಿಗೆ ಕೆಮ್ಮುವ ಶಕ್ತಿಯೂ ಇಲ್ಲ. ಹಾಗಾಗಿ ಏಸಿ ಹಾಕಿಸಿದೆವು. ಅದನ್ನು ಆರಿಸುವುದು ಹಚ್ಚುವುದು ನನ್ನ ಕೆಲಸ. ಒಮ್ಮೆ ನಾನು ಸಂತೆಗೆ ಹೋಗಿ ಬರುವುದರೊಳಗೆ ಅವರ ತುಟಿ ನೀಲಿಗಟ್ಟಿತ್ತು. ಚಳಿಯಾಗುತ್ತಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅಂದಿನಿಂದ ನಾನು ಹಗಲು ಕಣ್ಣು ಮುಚ್ಚುವುದನ್ನೇ ಬಿಟ್ಟೆ.

ಅದನ್ನು ನೋಡಲಾರದೆ ಹಾವೇರಿಯಲ್ಲಿರುವ ನನ್ನ ತಂಗಿ ಒಂದು ಥರ್ಮೋಸ್ಟ್ಯಾಟ್ ತರಿಸಿಕೊಟ್ಟಳು. ಅಂಗೈಯಷ್ಟಗಲದ ಬಿಳಿ ಡಬ್ಬಿ. ಗೋಡೆಗೆ ಕೂಡಿಸಿದರೆ ಕೋಣೆಯ ಕಾವು ತಾನೇ ಅಳೆದು, ಏಸಿಯನ್ನು ತಾನೇ ಹಚ್ಚಿ ತಾನೇ ಆರಿಸುತ್ತದೆ. ನಾನು ಹೊರಗಿದ್ದರೂ ಫೋನಿನಲ್ಲಿ ಅಂಕಿ ಕಾಣುತ್ತದೆ. ಪೂಜೆ ಮಾಡಿ, ಕುಂಕುಮ ಹಚ್ಚಿಯೇ ಡಬ್ಬಿ ಬಿಚ್ಚಿದೆವು.

ಊರಿನ ವೈರ್‌ಮನ್ ಬಂದ. ನಮ್ಮ ಹೊಲದ ಮೋಟರು ನೋಡಿಕೊಳ್ಳುತ್ತಿದ್ದವನು, ಯಜಮಾನರಿಗೆ ಮಾವ ಅನ್ನುವಷ್ಟು ಸಲಿಗೆ. ಏಸಿಯ ಗಾಳಿ ನೇರ ಬಡಿಯದ, ಬಿಸಿಲು ತಾಗದ ಜಾಗ ಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಹಾಗಾಗಿ ಬಾಗಿಲ ಬದಿಯ ಹಳೆಯ ಸ್ವಿಚ್ ಬೋರ್ಡೇ ಸರಿ ಎಂದಾಯಿತು. ಅದನ್ನು ಬಿಚ್ಚಿ ನೋಡಿದರೆ ಕರೆಂಟು ತರುವ ವೈರು ಇದೆ, ಫ್ಯಾನಿಗೂ ದೀಪಕ್ಕೂ ಹೋಗುವ ವೈರುಗಳಿವೆ, ಕರೆಂಟು ವಾಪಸ್ ಹೋಗುವ ವೈರು ಮಾತ್ರ ಇಲ್ಲ. ಹಳೆಯ ಮನೆಗಳಲ್ಲಿ ಹಾಗೆಯೇ ಅಂತೆ. ಆ ವೈರು ಮಾಳಿಗೆಯ ಮೇಲಿಂದಲೇ ದೀಪಕ್ಕೆ ಹೋಗಿಬಿಡುತ್ತದೆ. ಬರೀ ಸ್ವಿಚ್ಚಾದರೆ ಅದು ಬೇಕಾಗಿಲ್ಲ, ಒತ್ತುವುದು ಬಿಡುವುದು ಅಷ್ಟೇ. ಈ ಡಬ್ಬಿ ಹಗಲಿರುಳು ಎಚ್ಚರ ಇರಬೇಕಾದದ್ದು. ಅದರ ಹೊಟ್ಟೆಗೆ ಕರೆಂಟು ಬರಲು ಒಂದು ದಾರಿ, ಹೋಗಲು ಒಂದು ದಾರಿ ಬೇಕು.

ವಾಪಸ್ ವೈರು ತರಬೇಕಾದರೆ ಎದುರು ಗೋಡೆಯ ಏಸಿ ಪ್ಲಗ್ಗಿನಿಂದ ಬಾಗಿಲ ತನಕ ಗೋಡೆ ಕೊರೆಯಬೇಕು. ಆ ಧೂಳಿನಲ್ಲಿ ಅವರನ್ನು ಎಲ್ಲಿ ಮಲಗಿಸುವುದು? ವೈರ್‌ಮನ್ ತಲೆ ಕೆರೆದುಕೊಂಡು ನಿಂತ. ಬೋರ್ಡಿನ ಕಬ್ಬಿಣದ ಡಬ್ಬಿಗೆ ಬಿಗಿದಿದ್ದ ಅರ್ಥಿಂಗ್ ವೈರು ಅವನ ಕಣ್ಣಿಗೆ ಬಿತ್ತು.

"ಮಾವಾ, ಕಣದಾಗ ಬಲ್ಬ್ ಹೆಂಗ ಹಚ್ಚತಿದ್ವಿ?" ಅಂದ.

ಯಜಮಾನರು ಬಹಳ ದಿನಗಳ ಮೇಲೆ ನಕ್ಕರು. ನಮ್ಮ ಕಡೆ ಮೆಣಸಿನಕಾಯಿ ಒಣಹಾಕಿದ ಕಣಕ್ಕೆ ಕಾವಲು ಇರಬೇಕಲ್ಲ. ಅಷ್ಟು ದೂರ ಎರಡು ವೈರು ಯಾರು ಎಳೆಯುತ್ತಾರೆ? ಒಂದೇ ವೈರು ಎಳೆದು, ಬಲ್ಬಿನ ಇನ್ನೊಂದು ಕಡೆಗೆ ಕಬ್ಬಿಣದ ಸಲಾಕೆ ಕಟ್ಟಿ ನೆಲಕ್ಕೆ ಬಡಿಯುತ್ತಾರೆ. ಬಲ್ಬು ಮಂಕಾದರೆ ಸಲಾಕೆಯ ಬುಡಕ್ಕೆ ಒಂದು ಚೆಂಬು ನೀರು. ನಮ್ಮವರೂ ಮಾಡಿದ್ದೇ, ಅವರ ಅಪ್ಪನೂ ಮಾಡಿದ್ದೇ.

"ಕಟ್ಟಲೇ, ಏನಾಗೂದಿಲ್ಲ" ಅಂದರು.

ವೈರ್‌ಮನ್ ಡಬ್ಬಿಯ ವಾಪಸ್ ತುದಿಯನ್ನು ಆ ಅರ್ಥಿಂಗ್ ವೈರಿಗೆ ಕಟ್ಟಿದ. ಡಬ್ಬಿ ಬೆಳಗಿತು. ಏಸಿ ತಾನೇ ಹತ್ತಿತು, ತಾನೇ ಆರಿತು. ನಾನು ತಂಗಿಗೆ ಫೋನು ಮಾಡಿ ಅತ್ತೆ.

ಅದು ಚಳಿಗಾಲ. ನೆಲದಲ್ಲಿ ಇನ್ನೂ ಪಸೆ ಇತ್ತು. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಡಬ್ಬಿ ಮಧ್ಯಾಹ್ನ ಕಣ್ಣು ಮುಚ್ಚತೊಡಗಿತು. ಏಸಿಯ ಪ್ಲಗ್ಗು ಅದರ ಹತೋಟಿಯಲ್ಲೇ ಇದ್ದದ್ದರಿಂದ ಅದು ಮುಚ್ಚಿದರೆ ಏಸಿಯೂ ನಿಲ್ಲುತ್ತದೆ, ರಿಮೋಟ್ ಒತ್ತಿದರೂ ಹತ್ತುವುದಿಲ್ಲ. ಸಂಜೆ ನಾನು ಹಿತ್ತಲಿನ ತುಳಸಿಗೆ ನೀರು ಹಾಕಿ, ದೀಪ ಹಚ್ಚಿ ಒಳಗೆ ಬರುವಷ್ಟರಲ್ಲಿ ಮತ್ತೆ ಬೆಳಗಿರುತ್ತಿತ್ತು. ಮೊದಲ ಸಲ ಕಾಕತಾಳೀಯ ಅಂದುಕೊಂಡೆ. ದಿನವೂ ಹಾಗೆಯೇ ಆದಾಗ ನಾನು ತಿಳಿದುಕೊಂಡದ್ದು ಒಂದೇ: ತಾಯಿ ತುಳಸಿ ಕಣ್ಣು ಬಿಟ್ಟಿದ್ದಾಳೆ. ಬೆಳಿಗ್ಗೆ ಇನ್ನೂ ಎರಡು ಕೊಡ ಹೆಚ್ಚು ಹಾಕಿದೆ, ಪ್ರದಕ್ಷಿಣೆ ಹೆಚ್ಚು ಮಾಡಿದೆ. ಆದರೂ ಮಧ್ಯಾಹ್ನದ ಉರಿಯಲ್ಲಿ ಡಬ್ಬಿ ಕಪ್ಪಾಗುವುದು ತಪ್ಪಲಿಲ್ಲ. ವೈರ್‌ಮನ್ ಕೆಲಸಕ್ಕೆಂದು ಗೋವಾ ಕಡೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ.

ಏಸಿ ನಿಂತ ಹೊತ್ತಿನಲ್ಲಿ ನನ್ನ ಕೈಯಲ್ಲಿ ಇದ್ದದ್ದು ಒದ್ದೆ ಬಟ್ಟೆ. ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಪಾದದಿಂದ ಕುತ್ತಿಗೆವರೆಗೆ ಒರೆಸುತ್ತಿದ್ದೆ, ಆರಿದ ಹಾಗೆ ಮತ್ತೆ ಒರೆಸುತ್ತಿದ್ದೆ. ನೆಲವೆಲ್ಲ ನೀರು. ಹಾಗೆ ಒರೆಸುವಾಗ ಒಂದು ಮಧ್ಯಾಹ್ನ ಅವರ ಎಡ ಪಾದ ಹಿಡಿದವಳಿಗೆ ಅಂಗೈಯಲ್ಲಿ ಜುಮ್ ಎಂದಿತು. ಇರುವೆ ಹರಿದ ಹಾಗೆ. ಕೈ ಬಿಟ್ಟೆ. ಮತ್ತೆ ಹಿಡಿದೆ. ಮತ್ತೆ ಜುಮ್ ಎಂದಿತು.

ಕದರಮಂಡಲಗಿ ಆಂಜನೇಯನಿಗೆ ನಾನು ಹರಕೆ ಹೊತ್ತದ್ದೇ ಅದಕ್ಕೆ. ಎದ್ದು ನಡೆಯಲಿ ಎಂದು ಬೇಡಿರಲಿಲ್ಲ. ಅಷ್ಟು ದುರಾಸೆ ನನಗಿಲ್ಲ. ಕಾಲಿಗೆ ಒಂದಿಷ್ಟು ಸ್ಪರ್ಶ ಬರಲಿ, ಅಷ್ಟೇ ಬೇಡಿಕೊಂಡಿದ್ದೆ. ಅದಕ್ಕೆಂದೇ ದಿನವೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ.

ಅವರಿಗೆ ಹೇಳಿದೆ. ಅವರು ಕಾಲಿನ ಕಡೆ ನೋಡಿದರು. ಆಮೇಲೆ, "ಖರೇನ?" ಅಂದರು.

"ನಿಮ್ಮಾಣಿ ಮಾಡಿ ಹೇಳ್ತೇನ್ರಿ. ನಿಮ್ಮ ಕಾಲಾಗ ಜೀವ ಆಡಾಕತ್ತೈತಿ."

"ನನಗೇನೂ ಗೊತ್ತಾಗವಲ್ದು."

"ಮೊದಲ ಹೊರಗ ಬರತೈತೇನೋ. ಆಮ್ಯಾಲ ಒಳಗ ಬರತೈತಿ."

ಯಾವ ಡಾಕ್ಟರೂ ಹೇಳದ ಮಾತು ಅದು. ಆದರೆ ಅವರು ನಂಬಿದರು. ಎಷ್ಟೋ ದಿನಗಳಿಂದ ಗಡ್ಡ ಬೋಳಿಸಲು ಬೇಡ ಅನ್ನುತ್ತಿದ್ದವರು ಮಾರನೆಯ ದಿನ ಕ್ಷೌರಿಕನನ್ನು ಕರೆಸು ಅಂದರು. ದಿನವೂ ಮಧ್ಯಾಹ್ನ ಏಸಿ ನಿಂತು ಕೋಣೆ ಕಾಯುವುದನ್ನು ಅವರು ಎದುರು ನೋಡತೊಡಗಿದರು. ಅದೇ ಹೊತ್ತಿನಲ್ಲಿ ಪಾದ ಜುಮ್ ಅನ್ನುತ್ತಿತ್ತು. ಸೆಕೆಯಿಂದ ನರ ಬಿಚ್ಚಿಕೊಳ್ಳುತ್ತವೆ ಎಂದು ನಾವೇ ಅರ್ಥ ಹಚ್ಚಿಕೊಂಡೆವು. ಅವರ ಕಿವಿ ಕೆಂಪಾಗಿ, ಉಸಿರು ಸಣ್ಣಗಾದರೂ "ಇನ್ನೊಂದೀಟ ಹಿಡಿದು ನೋಡು" ಅನ್ನುತ್ತಿದ್ದರು. ಶನಿವಾರ ಕದರಮಂಡಲಗಿಗೆ ಹೋಗಿ ಬೆಣ್ಣೆ ಒಪ್ಪಿಸಿ ಬಂದೆ.

ಪಕ್ಕದ ಮನೆಯಲ್ಲೇ ಇರುವ ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಹೇಳಿದೆ. ಅವಳು ಬಂದು ಪಾದ ಮುಟ್ಟಿದಳು. ಅವಳಿಗೆ ಹಿಮ್ಮಡಿ ನೋವು, ಮನೆಯೊಳಗೂ ರಬ್ಬರ್ ಚಪ್ಪಲಿ ಬಿಡುವುದಿಲ್ಲ. ಅವಳಿಗೆ ಏನೂ ಆಗಲಿಲ್ಲ. "ನನ್ನ ಕೈಗೆ ಬರವಲ್ದು ನೋಡಕ್ಕಾ. ಪತಿವ್ರತೆಯರ ಕೈಗಷ್ಟ ಬರತೈತೇನೋ" ಅಂದಳು. ಮನೆಯಲ್ಲಿ ಅವಳ ನಾಲಿಗೆ ಯಾವಾಗಲೂ ಹಾಗೆಯೇ. ನನಗೆ ಸಿಟ್ಟು ಬಂತು. ಚಪ್ಪಲಿ ಹಾಕಿಕೊಂಡು ಹಿರಿಯರ ಪಾದ ಮುಟ್ಟಿದರೆ ಏನು ತಿಳಿಯುತ್ತದೆ ಎಂದೆ.

ಅವಳು ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು ಮತ್ತೆ ಪಾದ ಹಿಡಿದಳು. ಸಟಕ್ಕನೆ ಕೈ ಎಳೆದುಕೊಂಡಳು. ನನಗೆ ಗೆದ್ದ ಹಾಗಾಯಿತು. ಅವಳು ಮಾತ್ರ ಪಾದ ನೋಡುತ್ತಿರಲಿಲ್ಲ, ಮಂಚ ನೋಡುತ್ತಿದ್ದಳು. ಅದು ಕರೆಂಟಿನಿಂದ ತಲೆಭಾಗ ಏರುವ ಆಸ್ಪತ್ರೆ ಮಾದರಿಯ ಕಬ್ಬಿಣದ ಮಂಚ. ಕಾಲ ಬದಿಯ ಪಟ್ಟಿಯಲ್ಲಿ ಬಣ್ಣ ಕಿತ್ತುಹೋದ ಕಡೆ ಅವರ ಎಡ ಹಿಮ್ಮಡಿ ಆನಿತ್ತು. ಅವಳು ಬೆರಳ ಹಿಂಬದಿಯಿಂದ ಆ ಪಟ್ಟಿಯನ್ನು ಮೆಲ್ಲಗೆ ತಾಕಿದಳು. ಮತ್ತೆ ಕೈ ಎಳೆದುಕೊಂಡಳು.

ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು: "ಅಕ್ಕಾ, ಅದು ಕಾಲಲ್ಲ. ಕರೆಂಟ್."

ಆಗ ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅವಳೇ ಹೋಗಿ ಮೇನ್ ಸ್ವಿಚ್ ಇಳಿಸಿದಳು. ಅವಳ ತವರಿನ ಕಡೆಯಿಂದ ಪರಿಚಯವಿದ್ದ ರಾಣೆಬೆನ್ನೂರಿನ ಎಲೆಕ್ಟ್ರೀಶಿಯನ್‌ಗೆ ಫೋನು ಮಾಡಿದಳು. ಆತ ಬರುವವರೆಗೆ ನಾವಿಬ್ಬರೂ ಬೀಸಣಿಗೆಯಿಂದ ಗಾಳಿ ಹಾಕುತ್ತ, ಬಟ್ಟೆ ಅದ್ದಿ ಹಾಕುತ್ತ ಕೂತೆವು. ಏನಾಗಿದೆ ಎಂದು ಅವರು ಕೇಳಿದರು. ಲೈನ್ ಹೋಗಿದೆ ಎಂದೆ.

ಎಲೆಕ್ಟ್ರೀಶಿಯನ್ ನಡುವಯಸ್ಸಿನ ಸಾಬರು. ಬಂದವರೇ ಫೋನಿನಲ್ಲಿ ಯಾರ ಮೇಲೋ ಉರ್ದುವಿನಲ್ಲಿ ರೇಗಿ, ಆಮೇಲೆ ಬೋರ್ಡು ಬಿಚ್ಚಿದರು. ಅರ್ಥಿಂಗ್ ಎಲ್ಲಿ ಹೂತಿದ್ದಾರೆ ಎಂದು ಕೇಳಿದರು. ಮನೆ ಕಟ್ಟಿದಾಗ ನಮ್ಮ ಮಾವನವರು ದಿನಾ ನೀರು ಬೀಳುವ ಜಾಗವೆಂದು ತುಳಸಿಕಟ್ಟೆಯ ಬುಡದಲ್ಲೇ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಪೈಪು ಹೂಳಿಸಿದ್ದರು. ತೋರಿಸಿದೆ. ಪೈಪಿಗೆ ಬಿಗಿದ ತಂತಿ ತುಕ್ಕು ಹಿಡಿದು ಉದುರುವ ಹಾಗಿತ್ತು.

ಅಲ್ಲೇ ಕಟ್ಟೆಯ ಬದಿಗೆ ಕೂತು ಅವರು ತಿಳಿಸಿ ಹೇಳಿದರು. ಅರ್ಥಿಂಗ್ ವೈರು ಇರುವುದು ಅಪಾಯ ಬಂದಾಗ ಕರೆಂಟನ್ನು ನೆಲಕ್ಕೆ ಇಳಿಸಲು, ದಿನದ ಸಂಸಾರಕ್ಕಲ್ಲ. ಡಬ್ಬಿಯಿಂದ ಹೊರಟ ಕರೆಂಟು ಆ ವೈರು ಹಿಡಿದು ನೆಲಕ್ಕೆ ಹೋಗಬೇಕು. ನೆಲ ಒಣಗಿದರೆ ಹೋಗಲು ದಾರಿಯಿಲ್ಲ. ಡಬ್ಬಿ ಸತ್ತಂತೆ ಬೀಳುತ್ತದೆ, ಕರೆಂಟು ವೈರಿನಲ್ಲೇ ನಿಲ್ಲುತ್ತದೆ. ಆ ವೈರು ಮನೆಯ ಎಲ್ಲ ಪ್ಲಗ್ಗುಗಳಿಗೂ ಒಂದೇ. ಫ್ರಿಜ್ಜಿಗೂ ಅದೇ, ಮಂಚಕ್ಕೂ ಅದೇ. ನೀರು ಬಿದ್ದರೆ ಡಬ್ಬಿ ಬೆಳಗುತ್ತದೆ, ಮಂಚ ತಣ್ಣಗಾಗುತ್ತದೆ.

"ಹಂಗಾರ ಅವರ ಕಾಲು..." ಎಂದೆ.

"ಅಣ್ಣಾರು ಗಾಳಿ ಹಾಸಿಗಿ ಮ್ಯಾಲ ಅದಾರ್ರಿ ಅಕ್ಕಾರ. ರಬ್ಬರ್. ಅವರ ಮೈಯಾಗ ನಿಂತಿದ್ದು ನೀವು ಮುಟ್ಟಿದಾಗ ನಿಮ್ಮ ಕೈಲೆ ಹಾದು ನೆಲಕ್ಕ ಇಳೀತಿತ್ತು. ಅಲ್ಲಾ ದೊಡ್ಡಾವ. ಇಬ್ಬರೂ ಉಳದೀರಿ."

ಇಬ್ಬರೂ ಉಳಿದಿದ್ದೆವು. ಅದು ಸಣ್ಣ ಮಾತಲ್ಲ, ನನಗೆ ಗೊತ್ತು. ಆದರೂ ಅಲ್ಲೇ ಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರ ಪಾದದ ಮೂಲಕ ಕರೆಂಟು ಹಾದು ನನಗೆ ತಾಗುತ್ತಿತ್ತು. ನನಗೆ ಜುಮ್ ಅಂದದ್ದು ಅವರಿಗೆ ಇಷ್ಟೂ ತಿಳಿದಿರಲಿಲ್ಲ. ಬಂದಿದೆ ಎಂದುಕೊಂಡ ಸ್ಪರ್ಶ ಬಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಗೋಡೆ ಕೊರೆಯಲಿಲ್ಲ. ಪ್ಲಾಸ್ಟಿಕ್ ಪಟ್ಟಿಯೊಳಗೆ ವೈರು ಕೂಡಿಸಿ, ಏಸಿ ಪ್ಲಗ್ಗಿನಿಂದ ಗೋಡೆಯ ಮೇಲುಗಡೆಯಿಂದಲೇ ಬಾಗಿಲ ತನಕ ತಂದರು. ಕಪ್ಪು ವೈರು, ವಾಪಸ್ ಹೋಗುವುದು. ಅರ್ಥಿಂಗ್ ತಂತಿ ಹೊಸದು ಬಿಗಿದರು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು ಮೀಟರಿನ ಹತ್ತಿರ ಹಾಕಿದರು. ಆ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಜಮಾನರು ಮಲಗಿದಲ್ಲಿಂದಲೇ ಕಣ್ಣಿನಿಂದ ಹಿಂಬಾಲಿಸುತ್ತಿದ್ದರು. ಕಣದಲ್ಲಿ ಬಲ್ಬು ಕಟ್ಟಿದ ಮನುಷ್ಯ, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲೆಕ್ಟ್ರೀಶಿಯನ್ ಕೊನೆಗೆ ಮಂಚದ ಕಾಲ ಬದಿಯ ಪಟ್ಟಿಗೆ ಟೆಸ್ಟರ್ ಹಚ್ಚಿ ನೋಡಿದರು. ದೀಪ ಬರಲಿಲ್ಲ.

"ನನ್ನ ಕಾಲಿಗೂ ಹಚ್ಚಿ ನೋಡ್ರಿ ಸಾಬರ" ಅಂದರು ನಮ್ಮವರು. "ಏನಾರ ಉಳದೈತೇನು ನೋಡೂಣು."

ಸಾಬರು ನಗಲಿಲ್ಲ. ಟೆಸ್ಟರನ್ನು ಜೇಬಿಗೆ ಹಾಕಿಕೊಂಡು, ಚಹಾ ಆಮೇಲೆ ಕುಡಿಯುತ್ತೇನೆ ಎಂದು ಹೊರಗೆ ಹೋದರು. ನೆಗೆಣ್ಣಿ ಬಕೆಟ್ಟು ಎತ್ತಿಕೊಂಡು ಹೋದಳು.

ಮಾರನೆಯ ಮಧ್ಯಾಹ್ನ ಹೊರಗೆ ಕಾದ ಹಂಚಿನಂಥ ಬಿಸಿಲು. ಡಬ್ಬಿ ಆರಲಿಲ್ಲ. ಏಸಿ ನಿಲ್ಲುವುದು, ಮತ್ತೆ ತಾನೇ ಹತ್ತುವುದು. ಒರೆಸುವ ಅಗತ್ಯವೇ ಇರಲಿಲ್ಲ. ಆದರೂ ನಾನು ಬಟ್ಟೆ ಅದ್ದಿ ತಂದೆ. ಪಾದ ಹಿಡಿದೆ. ಎಡದ್ದು, ಆಮೇಲೆ ಬಲದ್ದು, ಮತ್ತೆ ಎಡದ್ದು. ಒದ್ದೆ ಚರ್ಮ, ಅಷ್ಟೇ. ನನ್ನ ಕೈ ಸುಮ್ಮನೆ ಅಲ್ಲೇ ಇತ್ತು.

"ಇವತ್ತ ಏನೂ ಇಲ್ಲ, ಹೌದಿಲ್ಲೋ?" ಅಂದರು.

ಸುಳ್ಳು ಹೇಳಬಹುದಿತ್ತು. ಅವರು ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

"ಇಲ್ರಿ" ಎಂದೆ.

ಅವರು ತುಸು ಹೊತ್ತು ಕಣ್ಣು ಮುಚ್ಚಿದರು. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅದನ್ನು ಒರೆಸಿಕೊಳ್ಳಲು ಅವರ ಕೈ ಅಷ್ಟು ದೂರ ಬರುವುದಿಲ್ಲ. ನಾನು ಒರೆಸಿದೆ. ಆಮೇಲೆ ಅವರು, ಡಬ್ಬಿ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು.

"ಇಪ್ಪತ್ತಾರು."

"ಆರೂದಿಲ್ಲಲ್ಲ ಇನ್ನ?"

"ಆರೂದಿಲ್ರಿ."

"ಹಂಗಾರ ಕಾಲ ಬಿಡು. ಎಷ್ಟ ದಿನ ಆತು ನೀ ಹಗಲಿ ಮಲಗಲಾರ್ದ. ಒಂದೀಟ ಮಲಗು."

ಅವರ ಪಾದಗಳನ್ನು ಹೊದಿಕೆಯೊಳಗೆ ಇಟ್ಟೆ. ಮಂಚದ ಬದಿಗೆ ಚಾಪೆ ಹಾಸಿದೆ. ನಿದ್ದೆ ಬರುತ್ತದೆ ಎಂದುಕೊಂಡಿರಲಿಲ್ಲ, ಆದರೆ ಬಂತು. ಎದ್ದಾಗ ಸಂಜೆಯಾಗಿತ್ತು. ಅವರು ಎಚ್ಚರವಾಗಿಯೇ ಇದ್ದು ನನ್ನನ್ನು ನೋಡುತ್ತಿದ್ದರು. ಕೋಣೆ ತಂಪಾಗಿತ್ತು.