ಬೇಲಿಯ ಕಣಗಿಲೆ

ಪಕ್ಕದ ಮನೆಯ ಅಕ್ಕನ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವಾಗಲೋ ಹಸು ತುಳಿದು ಹೋಗಿದ್ದು. ಅದೇ ಕಾಲೂರಿ ಬೇಲಿ ಪಕ್ಕ ನಿಂತು ಬಾಯಿ ತೆರೆದರೆ ಪಾಲಹಳ್ಳಿಯ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ನನಗೆ ಅವರನ್ನು ಕಂಡರಾಗದು, ಅವರಿಗೂ ಅಷ್ಟೆ.

ಬೇಲಿಗುಂಟ ನಾನು ಕಣಗಿಲೆ ಕಡ್ಡಿ ನೆಟ್ಟ ದಿನವೇ ಶುರುವಾಯಿತು.

"ನಾನು ಅಸ ಕಟ್ಟೋ ತಾವೇ ವಿಸದ ಗಿಡ ಬೇಕಿತ್ತೇನಮ್ಮಿ?"

"ಕಹಿ ಕಣಕ್ಕ, ಯಾವ ದನ ಮುಟ್ಟುತ್ತೆ? ದನಕ್ಕೇ ಗೊತ್ತು."

"ದನಕ್ಕೆ ಗೊತ್ತು, ನಿಂಗೇ ಗೊತ್ತಿಲ್ಲ!"

ನೀರು ಕೇಳದ, ಗೊಬ್ಬರ ಕೇಳದ ಗಿಡ. ಬಿರುಬೇಸಿಗೆಯಲ್ಲೂ ದಿನಾ ಒಂದು ಬುಟ್ಟಿ ಹೂ. ನಾನೇಕೆ ಕೀಳಲಿ? ಅವರ ಕಡೆ ಉದುರಿದ ಎಲೆಯನ್ನೆಲ್ಲ ಅವರು ಗುಡಿಸಿ ತಂದು ನನ್ನ ಹೊಸಿಲ ಮೇಲೆ ಸುರಿಯುತ್ತಿದ್ದರು. ನಾನು ಹೂ ಕೊಯ್ಯುವಾಗ ಬೇಕೆಂದೇ ಹಾಡಿಕೊಳ್ಳುತ್ತಿದ್ದೆ.

ಒಂದು ಬೇಸಿಗೆ, ಅವರ ಕಾಟ ತಡೆಯದೆ, ಅತ್ತ ಬಾಗಿದ ಕೊಂಬೆಗಳನ್ನೆಲ್ಲ ಸವರಿದೆ. ಒಲೆಗಾದೀತೆಂದು ಬೇಲಿಯ ಬುಡದಲ್ಲೇ ಒಣಹಾಕಿದೆ. ನಾಲ್ಕನೆಯ ದಿನ ಅವರ ಸೀಮೆಹಸು ಹಗ್ಗ ಕಿತ್ತುಕೊಂಡು, ಬೇಲಿಯೊಳಗೆ ಕತ್ತು ತೂರಿಸಿ ಆ ಒಣ ಎಲೆ ತಿಂದುಬಿಟ್ಟಿತು. ದನದ ಡಾಕ್ಟರು ಬರುವ ಹೊತ್ತಿಗೆ ಕಾಲು ಚಾಚಿತ್ತು.

"ಹಸಿ ಎಲೆ ಮುಟ್ಟಲ್ಲ. ಒಣಗಿದ್ರೆ ಗೊತ್ತಾಗ್ದೆ ತಿನ್ತವೆ," ಅಂದರು ಡಾಕ್ಟರು.

ಅಕ್ಕ ಅಂದು ಹಾಲು ಕರೆಯುವ ಬಕೆಟ್ಟನ್ನು ಮಗುಚಿ ಹಾಕಿ ಅದರ ಮೇಲೆ ಕೂತಿದ್ದರು. ಗಬ್ಬವಾಗಿದ್ದ ನಮ್ಮ ಕಡಸನ್ನು ಸಂಜೆ ಒಯ್ದು ಅವರ ಗೂಟಕ್ಕೆ ಕಟ್ಟಿ ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಅವರು ಅದನ್ನು ತಂದು ನಮ್ಮ ಬಾಗಿಲಿಗೇ ಕಟ್ಟಿ ಹೋಗಿದ್ದರು.

ಅವತ್ತೇ ಗುದ್ದಲಿ ಹಿಡಿದು ಕಣಗಿಲೆಯನ್ನು ಸಾಲಾಗಿ ಅಗೆದೆ. ಮಧ್ಯಾಹ್ನ ಅಕ್ಕ ಬೇಲಿಯಾಚೆ ಬಂದು ನಿಂತರು.

"ಬೇರು ಬುಡ್‌ಬ್ಯಾಡ. ಒಂದು ಗೇಣು ಉಳುದ್ರೂ ಚಿಗುರ್ತದೆ."

ನನ್ನೊಡನೆ ಅವರು ಆಡಿದ ಕಡೆಯ ಮಾತು ಅದು. ಆಮೇಲೆ ಏಳು ವರ್ಷ ಬದುಕಿದ್ದರು, ನಾನೆದುರಾದರೆ ಮುಖ ತಿರುಗಿಸಿಕೊಂಡೇ. ಹೋದ ವರ್ಷ ತೀರಿಕೊಂಡಾಗ ಅಂಗಳದ ತುದಿಯಲ್ಲಿ ಕೂತು ಎದ್ದು ಬಂದೆ. ಅವರ ಬಾಯಿ ನನಗೆ ಇಂದಿಗೂ ಇಷ್ಟವಿಲ್ಲ. ಆದರೆ ಅವರು ಹೇಳಿದ್ದು ಸರಿಯಿತ್ತು, ಎರಡು ಸಲವೂ.

ಅವರ ಕೊಟ್ಟಿಗೆಯಲ್ಲೀಗ ಮಗ ಟ್ರಾಕ್ಟರು ನಿಲ್ಲಿಸುತ್ತಾನೆ, ದನವಿಲ್ಲ. ಆದರೂ ಮಳೆ ಬಿದ್ದ ಮಾರನೆಯ ದಿನ ನಾನು ಬೇಲಿಗುಂಟ ಕುಕ್ಕರುಗಾಲಲ್ಲಿ ಕೂತು ಹುಡುಕುತ್ತೇನೆ. ಎಲ್ಲೋ ಒಂದು ಚಿಗುರು ಎದ್ದಿರುತ್ತದೆ. ಬೇರು ಸಿಗುವವರೆಗೂ ಅಗೆಯುತ್ತೇನೆ.